ಮಾವನ ಜೀಪು ಸೋರಿದ ವಾರ

ನನ್ನ ಸೋದರಮಾವನಿಗೆ ಮುಖ ಎಂಬುದೊಂದಿದೆ ಎನ್ನುವ ಸಂಗತಿ ನಮ್ಮ ಕೇರಿಯಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಸುಳ್ಳಲ್ಲ, ಅವನನ್ನು ಜನ ಗುರುತಿಸುತ್ತಿದ್ದದ್ದು ಪಾದದಿಂದ. ದಿನದ ಮುಕ್ಕಾಲು ಪಾಲು ಅವನ ತಲೆ, ಎದೆ, ಹೊಟ್ಟೆ ಎಲ್ಲವೂ ಜೀಪಿನ ಅಡಿಯಲ್ಲಿ. ಹೊರಗೆ ಎರಡು ಕಾಲು ಮಾತ್ರ. ಪೋಸ್ಟಿನವರು ಬಂದರೆ ಕಾಗದವನ್ನು ಅವನ ಕಾಲಿನ ಹೆಬ್ಬೆರಳ ಸಂದಿಗೆ ಸಿಕ್ಕಿಸಿ, "ಹ್ವಾಯ್, ಟಪಾಲ್ ಕೊಟ್ಟಿದ್ದೆ" ಎಂದು ಹೇಳಿ ಹೋಗುತ್ತಿದ್ದರು. ಒಮ್ಮೆ ಮದುವೆ ದಲ್ಲಾಳಿಯೊಬ್ಬರು ಗಂಡು ನೋಡಲು ಬಂದು, ಅರ್ಧ ಗಂಟೆ ಆ ಕಾಲುಗಳ ಹತ್ತಿರ ಮಾತಾಡಿ, ಶಿರೂರಿನ ಹೆಣ್ಣಿನ ಮನೆಯವರಿಗೆ "ಮೊಣಕಾಲಿಂದ ಕೆಳಗೆ ಹುಡುಗ ಲಾಯ್ಕಿದ್ದ" ಎಂದು ವರದಿ ಕೊಟ್ಟರಂತೆ. ಆ ಸಂಬಂಧ ಕೂಡಿ ಬರಲಿಲ್ಲ ಎಂದು ಬೇರೆ ಹೇಳಬೇಕೆ?

ಮಾವ ಎಂದೆ, ಆದರೆ ಅವನು ನನಗಿಂತ ಹನ್ನೆರಡೇ ವರ್ಷ ದೊಡ್ಡವನು. ಹಾಗಾಗಿ ಏಕವಚನ. ಅಮ್ಮನ ಒಬ್ಬನೇ ತಮ್ಮ. ಚಿಕ್ಕಂದಿನಲ್ಲೇ ದೋಣಿ ಹತ್ತಿದವನು, ಆಮೇಲೆ ಬೊಂಬಾಯಿಗೆ ಹೋಗಿ ಹತ್ತು ವರ್ಷ ಕ್ಯಾಂಟೀನಿನಲ್ಲಿ ದುಡಿದ. ಊರಿಗೆ ಬಂದವನು ಎಲ್ಲರ ಹಾಗೆ ಒಂದು ತಾರಸಿ ಮನೆ ಕಟ್ಟಲಿಲ್ಲ, ಅಂಗಡಿ ಇಡಲಿಲ್ಲ. ಯಾರೋ ಓಡಿಸಿ ಸಾಕಾದ ಒಂದು ಡೀಸೆಲ್ ಜೀಪು ತಂದ. ನಾಲ್ಕು ಚಕ್ರಕ್ಕೂ ಎಳೆತ ಇರುವ ಫೋರ್ ವೀಲ್ ಡ್ರೈವ್. ಕಡಲ ಹೊಯ್ಗೆ, ಅಂದರೆ ಮರಳಿನ ಮೇಲೆ ದೋಣಿಯ ಬುಡದವರೆಗೂ ಹೋಗುತ್ತದೆ, ಹೂತುಕೊಳ್ಳುವುದಿಲ್ಲ. ಮೀನನ್ನು ಅಲ್ಲೇ ತುಂಬಿಸಿ, ಪಕ್ಕದಲ್ಲಿ ಅಮ್ಮನನ್ನು ಕೂರಿಸಿಕೊಂಡು ಕೋಟೇಶ್ವರ, ಕುಂಭಾಶಿ ಕಡೆಯ ಮನೆಮನೆಗೆ ಒಯ್ಯುವುದು ಅವನ ಕೆಲಸ. ಅಪ್ಪಯ್ಯ ತೀರಿಕೊಂಡ ಮೇಲೆ ನಮ್ಮ ಮನೆ ನಡೆದದ್ದು, ನಾನು ಟಿ.ಸಿ.ಎಚ್. ಮುಗಿಸಿ ಬ್ರಹ್ಮಾವರದಲ್ಲಿ ಟೀಚರ್ ಆದದ್ದು, ಎಲ್ಲ ಅಮ್ಮ ಮಾರಿದ ಮೀನಿನಿಂದ. ಜೀಪು ಬರುವ ಮೊದಲು ಆ ಮೀನೆಲ್ಲ ಅವಳ ತಲೆಯ ಮೇಲೇ ಹೋದದ್ದು. ಕುತ್ತಿಗೆ ಎಲುಬು ಸವೆದಿದೆ, ಇನ್ನು ತಲೆಯ ಮೇಲೆ ಭಾರ ಹೊರಲೇಬಾರದು ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು.

ಇಷ್ಟೇ ಆಗಿದ್ದರೆ ನಾನು ಅವನ ಬಗ್ಗೆ ಬರೆಯುತ್ತಿರಲಿಲ್ಲ. ಮಾವನ ತೊಂದರೆ ಏನೆಂದರೆ, ಅವನಿಗೆ ಜೀಪು ಮತ್ತು ದೋಣಿಯ ನಡುವೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಬೆಳಿಗ್ಗೆ ಹೊರಡುವಾಗ "ಗಾಡಿ ಇಳ್ಸ್ತೆ" ಎನ್ನುತ್ತಿದ್ದ, ಮನೆಗೆ ಬಂದರೆ "ಮೇಲೆ ಎಳ್ದೆ" ಎನ್ನುತ್ತಿದ್ದ. ಗಾಳಿ ಯಾವ ದಿಕ್ಕಿನದ್ದು ಎಂದು ನೋಡದೆ ಹೊರಡುವವನಲ್ಲ. ಮರದ ದೋಣಿಗೆ ಮೀನೆಣ್ಣೆ ಬಳಿದರೆ ಅದು ಬಾಳಿಕೆ ಬರುತ್ತದಲ್ಲ, ಮೊದಲ ವರ್ಷ ಜೀಪಿಗೂ ಬಳಿದ. ಬಂಪರಿನಿಂದ ಹಿಂದಿನ ಬಾಗಿಲವರೆಗೆ, ಎರಡು ಕೈ. ತುಕ್ಕು ಹಿಡಿಯಲಿಲ್ಲ, ನಿಜ. ಆದರೆ ಕೋಟೇಶ್ವರದ ಅಷ್ಟೂ ಬೆಕ್ಕುಗಳು ಒಂದು ತಿಂಗಳು ಜೀಪಿನ ಹಿಂದೆ ಮೆರವಣಿಗೆ ಹೊರಟವು.

ಇಂಥ ಜೀಪು ಒಂದು ಏಪ್ರಿಲ್‌ನಲ್ಲಿ ಸೋರತೊಡಗಿತು. ನನಗೆ ಶಾಲೆಗೆ ರಜೆ, ಮನೆಯಲ್ಲೇ ಇದ್ದೆ, ಎಲ್ಲ ಕಣ್ಣಾರೆ ಕಂಡೆ. ಎಲ್ಲಿಂದ ಸೋರುತ್ತಿದೆಯೋ ದೇವರಿಗೇ ಗೊತ್ತು. ಮೀನಿಗೆಲ್ಲ ಡೀಸೆಲ್ ವಾಸನೆ. ಕುಂಭಾಶಿ ದಾರಿಯ ನಿವೃತ್ತ ಹೆಡ್‌ಮಾಸ್ಟರರ ಹೆಂಡತಿ ಹಿಂದಿನ ದಿನದ ಬಂಗುಡೆಯನ್ನು ಪಾತ್ರೆ ಸಮೇತ ತಂದು ಅಮ್ಮನ ಮುಂದಿಟ್ಟರು.

"ಎಂತ ಮಾರಾಯ್ತಿ ಇದ್? ಹುರಿಯುಕೆ ಎಣ್ಣಿ ಬ್ಯಾಡ, ಒಂದ್ ಕಡ್ಡಿ ಗೀರ್ರೆ ಸಾಕ್."

ಅಮ್ಮ ನಾಚಿಕೆಯಿಂದ ಕುಗ್ಗಿಹೋದಳು. ಇಷ್ಟು ವರ್ಷಗಳಲ್ಲಿ ಅವಳ ಮೀನನ್ನು ಯಾರೂ ಹಿಂದಕ್ಕೆ ಕೊಟ್ಟಿರಲಿಲ್ಲ. ಅಷ್ಟರಲ್ಲಿ ಇನ್ನೂ ನಾಲ್ಕು ಮನೆಯವರು ಬೇರೆಯವರ ಹತ್ತಿರ ಮೀನು ತೆಗೆದುಕೊಳ್ಳಲು ಶುರುಮಾಡಿದ್ದರು. ಆ ಸಂಜೆ ಅಮ್ಮ ಅಂಗಳದಲ್ಲಿ ನಿಂತು, ಮಾವನ ಪಾದಗಳಿಗೆ ಹೇಳಿದಳು:

"ವಾಸ್ನಿ ಹೋಪಲ್ಲಿವರೆಗೆ ನಾ ಈ ಗಾಡಿ ಹತ್ತುದಿಲ್ಲೆ. ನಾಳಿಂದ ಬುಟ್ಟಿ ಹೊತ್ಕಂಡೇ ಹೋತೆ."

"ಡಾಕ್ಟ್ರ್ ಎಂತ ಹೇಳಿದ್ರ್ ಅಕ್ಕ?" ಎಂದಿತು ಜೀಪಿನ ಅಡಿ.

"ಡಾಕ್ಟ್ರ್ ಬಂದ್ ಮೀನ್ ತಕಂತ್ರಾ?"

ಬಸ್ಸಿನವರು ಮೀನಿನ ಬುಟ್ಟಿ ಹತ್ತಿಸುವುದಿಲ್ಲ, ರಿಕ್ಷಾದವರು ಮೀನಿನ ನೀರು ಬೀಳುತ್ತದೆಂದು ನಿಲ್ಲಿಸುವುದೇ ಇಲ್ಲ. ನಡೆಯದೆ ಬೇರೆ ದಾರಿ ಇಲ್ಲ. ಆ ಕುತ್ತಿಗೆ ಎಷ್ಟು ದಿನ ತಾಳೀತು ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. "ಕುಂದಾಪುರದ ಗ್ಯಾರೇಜಿಗಾದರೂ ಒಯ್ಯಿ ಮಾವ" ಎಂದೆ. ಅವನು ಮುಖ ಹೊರಗೆ ಹಾಕಿದ. ಅಂದರೆ ವಿಷಯ ಗಂಭೀರ ಎಂದರ್ಥ.

"ಹೆಣ್ಣೆ, ಗ್ಯಾರೇಜಿನವ್ರ್ ಹತ್ತ್ ದಿನ ಇಟ್ಕಂತ್ರ್. ಅಷ್ಟ್ ದಿನ ಅಕ್ಕ ನಡಿಯುದಾ? ನಾನ್ ನಾಳೆಯೊಳ್ಗೆ ಹುಡ್ಕ್ತೆ ಕಾಣ್. ಎಷ್ಟ್ ದೋಣಿ ತೂತ್ ಹುಡ್ಕಿದ್ದೆ ನಾ!"

ಎಡವಟ್ಟು ಆದದ್ದು ಅಲ್ಲೇ.

ದೋಣಿಯ ತೂತು ಹುಡುಕುವ ಕ್ರಮ ನಮ್ಮ ಕಡಲತಡಿಯಲ್ಲಿ ಎಲ್ಲರಿಗೂ ಗೊತ್ತು. ದೋಣಿಯನ್ನು ಮೇಲೆ ಎಳೆದು, ತಿಕ್ಕಿ ತೊಳೆದು, ಒಣಗಿಸಬೇಕು. ಆಮೇಲೆ ಒಳಗೆ ನೀರು ತುಂಬಿ, ಹೊರಗೆ ಎಲ್ಲಿ ಒದ್ದೆಯಾಗುತ್ತದೆ ಎಂದು ಕಾಯಬೇಕು. ಮಾವ ಜೀಪಿಗೂ ಅದನ್ನೇ ಮಾಡಿದ. ಅಡಿಭಾಗವನ್ನೆಲ್ಲ ತಿಕ್ಕಿ ತೊಳೆದ, ಮಗುವಿಗೆ ಒರೆಸಿದ ಹಾಗೆ ಬಟ್ಟೆಯಿಂದ ಒರೆಸಿದ, ಕ್ಯಾನಿನಲ್ಲಿ ಡೀಸೆಲ್ ತಂದು ಟ್ಯಾಂಕನ್ನು ಕಂಠಮಟ್ಟ ತುಂಬಿಸಿದ. ಒದ್ದೆಯಾದದ್ದು ಚೆನ್ನಾಗಿ ಕಾಣಲೆಂದು ಎಲ್ಲ ಕಡೆ ಬಿಳಿ ಪುಡಿ ಹಚ್ಚಬೇಕಿತ್ತು. ಶಾಲೆಯ ಚಾಕಿನ ಪುಡಿ ಕೊಡುತ್ತೇನೆ ಎಂದರೆ ಕೇಳಲಿಲ್ಲ, ಅದು ಒರಟಂತೆ. ರೊಟ್ಟಿಗೆಂದು ಅಮ್ಮ ಮಾಡಿಟ್ಟ ಅಕ್ಕಿಹಿಟ್ಟು ಅಷ್ಟೂ ಜೀಪಿನ ಹೊಟ್ಟೆಗೆ ಬಳಿದ.

ಪಕ್ಕದ ಮನೆಯ ಅಜ್ಜಿ ಬೇಲಿಯಿಂದ ಇಣುಕಿದರು. "ಎಂತ ಮಾಡ್ತಾ ಇದ್ದೆ ಮಗಾ?"

"ಲೀಕ್ ಹುಡುಕ್ತಾ ಇದ್ದೆ ಅಜ್ಜಿ."

"ಹೌದಾ. ಉಪ್ಪ್ ಹಾಕಿದ್ಯಾ?"

ಕತ್ತಲಾಗುವವರೆಗೂ ಕಾದ. ಒಂದು ಹನಿ ಬೀಳಲಿಲ್ಲ. ಇರುವೆಗಳು ಮಾತ್ರ ಸಾಲುಗಟ್ಟಿ ಬಂದು ಗೇರ್ ಬಾಕ್ಸಿನವರೆಗೂ ಹತ್ತಿದವು. ಮರುದಿನ ಒಂದು ಸುತ್ತು ಹೋಗಿ ಬಂದರೆ ಮತ್ತೆ ಅದೇ ವಾಸನೆ. ಮತ್ತೆ ತೊಳೆದ, ಒರೆಸಿದ, ಹಿಟ್ಟು ಬಳಿದ, ಕಾದ. ಒಣಕಲು!

"ಇದ್ ನಾಚ್ಕಿ ಸ್ವಭಾವದ್ ಲೀಕ್" ಎಂದು ಮಾವ ತೀರ್ಪು ಕೊಟ್ಟ. "ಕಾಣುವರ್ ಇದ್ರೆ ಬತ್ತಿಲ್ಲೆ."

ನಾಚುವ ಲೀಕಿಗೆ ಮರ್ಯಾದೆ ಕೊಟ್ಟು ಅವನು ಒಂದು ಮಧ್ಯಾಹ್ನ ಜೀಪಿಗೆ ಬೆನ್ನು ಹಾಕಿ ಕೂತು, ಆಗಾಗ ಫಕ್ಕನೆ ತಿರುಗಿ ನೋಡಿದ. ಅದೂ ಆಯಿತು. ಸಾಬೂನು ತಿಕ್ಕಿದರೆ ಟ್ಯಾಂಕಿನ ಸಂದಿ ಮುಚ್ಚುತ್ತದೆ ಎಂದು ಯಾರೋ ಹೇಳಿದ್ದೇ ತಡ, ಬಚ್ಚಲಿನ ಸಾಬೂನು ಮಾಯ. ಟ್ಯಾಂಕು ಮಲ್ಲಿಗೆ ಪರಿಮಳ ಬೀರುತ್ತಿತ್ತು, ನಾವು ಕಡಲೆಹಿಟ್ಟು ಹಾಕಿ ಸ್ನಾನ ಮಾಡಿದೆವು. ಲೀಕು ನಿಲ್ಲಲಿಲ್ಲ.

ನನಗೆ ಯಂತ್ರದ ವಿಷಯ ಏನೂ ತಿಳಿಯದು. ಆದರೂ ಕೇಳಿದೆ, "ಮಾವ, ಒಂದ್ ಸಲ ಎಂಜಿನ್ ಚಾಲು ಮಾಡಿ ಕಾಣ್ಲಕ್ಕಲ್ಲ?"

ಅವನು ನನ್ನನ್ನು ಕನಿಕರದಿಂದ ನೋಡಿದ. "ನೀ ಮಕ್ಳಿಗೆ ಪಾಠ ಹೇಳುದ್ ಹೌದಾ? ದೋಣಿ ತೂತ್ ಹುಡ್ಕುಕೆ ದೋಣಿ ಕಡ್ಲಿಗ್ ಇಳ್ಸ್ತ್ರಾ?"

ನಾನು ಪೊರಕೆ ತಂದು ಇರುವೆ ಗುಡಿಸತೊಡಗಿದೆ.

ಇತ್ತ ಅಮ್ಮ ಹೇಳಿದಂತೆಯೇ ಮಾಡಿದ್ದಳು. ಮೊದಲ ದಿನವೇ ಬೆಳಿಗ್ಗೆ ದೋಣಿ ಬಂದ ಕೂಡಲೇ ಮೀನು ತೆಗೆದುಕೊಂಡು, ತಲೆಯ ಮೇಲೆ ಸಿಂಬಿ ಇಟ್ಟು, ಬುಟ್ಟಿ ಹೊತ್ತು ನಡೆದೇಬಿಟ್ಟಳು. ನಾನು ಒಂದು ಚೀಲ ಹಿಡಿದು ಜೊತೆಗೆ ಹೋದೆ. ಹಿಂದೆ ಗುರ್ ಗುರ್ ಎಂದು ಸದ್ದು. ತಿರುಗಿದರೆ ಮಾವ, ಖಾಲಿ ಜೀಪಿನಲ್ಲಿ, ಒಂದನೇ ಗೇರಿನಲ್ಲಿ, ನಾವು ನಡೆಯುವಷ್ಟೇ ವೇಗದಲ್ಲಿ ಬರುತ್ತಿದ್ದಾನೆ! ನಾವು ನಿಂತರೆ ಅವನೂ ನಿಲ್ಲುತ್ತಾನೆ. ನಾವು ಒಂದು ಮನೆಯೊಳಗೆ ಹೋಗಿ ಚೌಕಾಸಿ ಮುಗಿಸಿ ಬರುವವರೆಗೆ ಗೇಟಿನ ಹೊರಗೆ ಕಾಯುತ್ತಾನೆ. ಹಿಂದೆ ರಿಕ್ಷಾ, ಟೆಂಪೋ, ಸೈಕಲ್ಲು ಎಲ್ಲ ಸಾಲಾಗಿ ಹಾರ್ನ್ ಹಾಕುತ್ತಿವೆ. ಮಂತ್ರಿಗಳಿಗೂ ಇಂಥ ಬೆಂಗಾವಲು ಇರಲಿಕ್ಕಿಲ್ಲ.

"ಮನಿಗ್ ಹೋಗಾ" ಎಂದು ಅಮ್ಮ ಗದರಿಸಿದಳು.

"ನಂಗೂ ಇದೇ ದಾರಿ" ಎಂದ ಮಾವ, ಮೀನು ಒಯ್ಯುವುದು ಬಿಟ್ಟರೆ ಆ ದಾರಿಯಲ್ಲಿ ಬೇರೆ ಕೆಲಸವೇ ಇಲ್ಲದವನು.

ಎರಡು ದಿನ ಹೀಗೇ ನಡೆಯಿತು, ಬೆಳಿಗ್ಗೆ ಬೆಂಗಾವಲು, ಮನೆಗೆ ಬಂದ ಮೇಲೆ ಹಿಟ್ಟು. ಎರಡನೆಯ ದಿನ ಸಂಜೆ ಅಮ್ಮನಿಗೆ ಕುತ್ತಿಗೆ ತಿರುಗಿಸಲಾಗಲಿಲ್ಲ. ಎಣ್ಣೆ ಹಚ್ಚಿ ತಿಕ್ಕುವಾಗ ಅವಳು ಹಲ್ಲು ಕಚ್ಚಿಕೊಂಡದ್ದು ನನಗೆ ಗೊತ್ತಾಯಿತು. ಅಂಗಳದಲ್ಲಿ ಎರಡು ಪಾದಗಳು ಅಲ್ಲಾಡದೆ ಇದ್ದವು.

ಮೂರನೆಯ ದಿನ ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. "ನನ್ ಬೆನ್ನಿಗ್ ಅಂಟ್ಕಂಡ್ ಗುರ್ ಗುರ್ ಮಾಡ್ಬ್ಯಾಡ. ಬಪ್ಪುದಾದ್ರೆ ಮುಂದ್ ಹೋಗ್."

ಮಾವ ಮುಂದೆ ಹೋದ. ಅದೇ ಆಮೆಯ ನಡಿಗೆ. ಈಗ ನಾವು ಜೀಪಿನ ಹಿಂದೆ. ತಲೆಯ ಮೇಲೆ ಬುಟ್ಟಿ ಇದ್ದವರು ಕುತ್ತಿಗೆ ಬಗ್ಗಿಸುವ ಹಾಗಿಲ್ಲ. ಕಣ್ಣು ಮಾತ್ರ ಕೆಳಗೆ ಹಾಕಿ ನಾಲ್ಕು ಮಾರು ಮುಂದಿನ ನೆಲ ನೋಡುತ್ತಾ ನಡೆಯಬೇಕು. ಅಮ್ಮನ ನಾಲ್ಕು ಮಾರು ಮುಂದೆ ಇದ್ದದ್ದು ಜೀಪಿನ ಅಡಿ. ಐವತ್ತು ಹೆಜ್ಜೆ ಹೋಗಿರಬಹುದು, ಅವಳು ನಿಂತಳು.

"ಹ್ವಾಯ್, ನಿಲ್ಸ್. ಹನಿ ಬೀಳ್ತಾ ಇತ್ತ್. ಎಂಜಿನ್ ಬಂದ್ ಮಾಡ್ಬ್ಯಾಡ."

ಮಾವ ಅಭ್ಯಾಸದಂತೆ ಬಂದ್ ಮಾಡಿಯೇ ಇಳಿದ, ಇಳಿದವನೇ ರಸ್ತೆಯ ಮೇಲೆ ಬೆನ್ನು ಹಾಕಿ ಅಡಿಗೆ ನುಗ್ಗಿದ. "ಎಲ್ಲಿತ್ತ್ ಅಕ್ಕ? ಏನೂ ಬೀಳ್ತಾ ಇಲ್ಲೆ."

"ಚಾಲು ಮಾಡ್."

"ನಿಂತ್ ಗಾಡಿ ಸುಮ್ನೆ ಚಾಲು ಮಾಡುದಾ?"

"ಚಾಲು ಮಾಡ್ ಅಂದೆ."

ಅಕ್ಕನ ಆ ದನಿಗೆ ಎದುರು ಹೇಳುವ ತಮ್ಮ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಎಂಜಿನ್ ಚಾಲು ಆಯಿತು, ಹನಿ ಬೀಳತೊಡಗಿತು. ನಾನು ಬುಟ್ಟಿ ಇಳಿಸಿಕೊಟ್ಟೆ. ಅಮ್ಮ ಸೀರೆ ಎತ್ತಿ ಕಟ್ಟಿ, ರಸ್ತೆಯಲ್ಲೇ ಮಂಡಿಯೂರಿ, ಅಡಿಗೆ ಕೈ ಹಾಕಿದಳು. ಎಂಜಿನ್ ಕುಡಿದು ಮಿಕ್ಕಿದ ಡೀಸೆಲ್ಲನ್ನು ಟ್ಯಾಂಕಿಗೆ ಹಿಂದಕ್ಕೆ ಒಯ್ಯುವ ಒಂದು ರಬ್ಬರ್ ಪೈಪು ಅಲ್ಲಿತ್ತು. ಎಂಜಿನ್ ನಿಂತರೆ ಅದರಲ್ಲಿ ಡೀಸೆಲ್ ಹರಿಯುವುದೇ ಇಲ್ಲ. ದೋಣಿಯ ಹಾಗೆ ನಿಲ್ಲಿಸಿ ಎಷ್ಟು ಕಾದರೂ ಹನಿ ಬೀಳುವುದು ಹೇಗೆ? ಅಮ್ಮ ಆ ಪೈಪನ್ನು, ಬಂಗುಡೆಯ ಹೊಟ್ಟೆ ಒತ್ತಿ ನೋಡುವ ಹಾಗೆ, ಎರಡು ಬೆರಳಲ್ಲಿ ಒತ್ತುತ್ತಾ ಹೋದಳು. ಕಬ್ಬಿಣದ ಪಟ್ಟಿಗೆ ಉಜ್ಜಿ ಸವೆದ ಒಂದು ಕಡೆ ಬೆರಳು ಮೆತ್ತಗೆ ಇಳಿಯಿತು.

"ಇಲ್ ಕಾಣ್" ಎಂದಳು. "ಕೊಳ್ತಿತ್ತ್."

ಕುಂದಾಪುರದಿಂದ ಒಂದು ಮೊಳ ಪೈಪು, ಎರಡು ಕ್ಲಿಪ್ಪು, ಹತ್ತು ನಿಮಿಷದ ಕೆಲಸ. ಅಷ್ಟಕ್ಕೆ ಒಂದು ವಾರ, ನಾಲ್ಕು ಸೇರು ಅಕ್ಕಿಹಿಟ್ಟು, ಮೂರು ಸಾಬೂನು. ಮಾವ ಪೇಟೆಯಲ್ಲಿ ಈ ಕಥೆ ಹೇಳುವಾಗ, "ಅಕ್ಕ ಕಂಡದ್ದ್ ಹೌದ್, ಆದ್ರೆ ಕಾಂಬುಕೆ ಆಪ ಹಾಂಗೆ ಗಾಡಿ ಹೊಡ್ದದ್ ಯಾರ್?" ಎಂದು ಸೇರಿಸುತ್ತಿದ್ದ. ಅದೂ ಸುಳ್ಳಲ್ಲ ಬಿಡಿ.

ಮರುದಿನ ಅಮ್ಮ ಜೀಪಿನ ಹಿಂಭಾಗಕ್ಕೆ ಮೂಗು ಹಾಕಿ ಎರಡು ಸಲ ಮೂಸಿ, ಮುಂದಿನ ಸೀಟಿನಲ್ಲಿ ಕೂತಳು. ಹೆಡ್‌ಮಾಸ್ಟರರ ಹೆಂಡತಿ ಬಂಗುಡೆಯನ್ನು ಮೂಗಿನ ಹತ್ತಿರ ಹಿಡಿದು, ಇನ್ನೂ ಐದು ಹೆಚ್ಚಿಗೆ ಹಾಕಿಸಿಕೊಂಡರು. ಮನೆಗೆ ಬಂದ ಮೇಲೆ ಅಮ್ಮ ಒಳಗೆ ಮಲಗಿದಳು. ಮಾವ ಅಂಗಳದಲ್ಲಿ ಜೀಪು ತೊಳೆಯುತ್ತಿದ್ದ. ನನಗೆ ಅವನನ್ನು ಸ್ವಲ್ಪ ಕೆಣಕಬೇಕೆನಿಸಿತು.

"ಮಾವ, ಖಾಲಿ ಗಾಡಿ ತಕಂಡ್ ಮೂರ್ ದಿನ ನಮ್ ಒಟ್ಟಿಗೆ ಬಂದದ್ ಎಂತಕ್ಕೆ? ಮನೆಯಲ್ ಕೂಕಂಡ್ರೆ ಆತಿತ್ತಲೆ?"

ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಬಟ್ಟೆ ಹಿಂಡುತ್ತಾ, ನನ್ನ ಮುಖ ನೋಡದೆ ಹೇಳಿದ.

"ನಮ್ ಹೆತ್ತಬ್ಬಿ ಸಾಯುವತ್ತಿಗೆ ನಂಗ್ ಎಂಟ್ ತಿಂಗ್ಳ್. ಅಕ್ಕಂಗೆ ಹನ್ನೊಂದ್ ವರ್ಷ. ಅಬ್ಬಿ ಬುಟ್ಟಿ ಅವ್ಳ್ ತಲಿ ಮೇಲೆ, ನಾನ್ ಸೊಂಟದ್ ಮೇಲೆ. ಹಾಂಗೇ ಊರೆಲ್ಲ ತಿರ್ಗಿ ಮೀನ್ ಮಾರ್ದಳ್."

ಹಿಂಡಿದ ಬಟ್ಟೆಯನ್ನು ಬಂಪರಿನ ಮೇಲೆ ಹರಡಿದ.

"ನಾನ್ ದೊಡ್ಡ ಆದೆ, ಸೊಂಟದಿಂದ ಇಳ್ದೆ. ಬುಟ್ಟಿ ಇಳಿಲಿಲ್ಲೆ ಹೆಣ್ಣೆ."

ಅಷ್ಟು ಹೇಳಿ ಅವನು ಜೀಪಿನ ಅಡಿಗೆ ಹೋಗಿಬಿಟ್ಟ. ಅಲ್ಲಿ ಅವನಿಗೆ ಆಗ ಯಾವ ಕೆಲಸವೂ ಇರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಆ ಎರಡು ಪಾದಗಳ ಹತ್ತಿರ ಬಹಳ ಹೊತ್ತು ಕೂತಿದ್ದೆ.