ಪುರಸೈವಾಕ್ಕಂನಲ್ಲಿ ತೆರಿಗೆ ಏರಿಸಿದ್ದು

ಮದರಾಸಿನಲ್ಲಿ ನನ್ನಂಥ ತೆರಿಗೆ ಗುಮಾಸ್ತನಿಗೆ ನಗುವಿಗೆ ಬರವೇ ಇಲ್ಲ. ಜನರ ಬೈಗುಳದ ಜೊತೆಗೆ ಅದೂ ಪುಕ್ಕಟೆ. ಐವತ್ತರ ದಶಕದ ಕೊನೆ. ಸಾಲ ತಂದು ಹಾಕುತ್ತಿದ್ದ ನೀರಿನ ಪೈಪು ಪುರಸೈವಾಕ್ಕಂ ಬೀದಿಯ ಅರ್ಧಕ್ಕೆ ನಿಂತುಬಿಟ್ಟಿತ್ತು. ತೆರಿಗೆ ಏರಿಸಿ ಹಳೆ ಸಾಲ ತೀರಿಸಿದರೆ ಮಾತ್ರ ಮುಂದಕ್ಕೆ. ಆಚೆ ಅರ್ಧದಲ್ಲಿ ನನ್ನ ಮನೆ. ಹೆಂಡತಿ ದಿನಾ ಎಂಟು ಕೊಡ ಹೊರುತ್ತಾ ನನ್ನನ್ನೂ ಸರ್ಕಾರವನ್ನೂ ಒಟ್ಟಿಗೇ ಬೈಯುತ್ತಿದ್ದಳು.

ಜನಾಭಿಪ್ರಾಯ

ನಮ್ಮ ಸಾಹೇಬರು ಮೈಸೂರು ಕಡೆಯವರು, ಸುಳ್ಳು ಹೇಳಲು ಬಾರದ ಮನುಷ್ಯ. ಅವರ ಜೊತೆ ಅಂಗಡಿ ಅಂಗಡಿ ಸುತ್ತಿದೆ. ಪಾತ್ರೆ ಅಂಗಡಿಯವರು, "ಏರಿಸಲೇಬೇಕು ಸಾರ್! ದೇಶ ಮುಂದೆ ಬರೋದು ಬೇಡವಾ? ಜವಳಿ ಅಂಗಡಿಗಳಿಗೆ ಏರಿಸಿ" ಅಂದರು. ಜವಳಿ ಅಂಗಡಿ ಮುದಲಾಳಿ, ಅಂದರೆ ಮಾಲೀಕರು, "ಬೇಷಾಗಿ ಏರಿಸಿ, ಪಾತ್ರೆ ಅಂಗಡಿಗಳಿಗೆ" ಅಂದರು. ಸಾಹೇಬರು ವರದಿ ಬರೆದರು: "ತೆರಿಗೆ ಏರಿಸಲು ಬೀದಿಯಲ್ಲಿ ವಿರೋಧವಿಲ್ಲ." ನಾನು ಕಣ್ಣುಕಣ್ಣು ಬಿಟ್ಟೆ.

"ಇದ್ರಲ್ಲಿ ಸುಳ್ಳು ಎಲ್ಲಿದೆ ತೋರ್ಸಯ್ಯಾ!"

ರಾಜಿ

ಕಾರ್ಪೊರೇಷನ್ ಸಭೆಯಲ್ಲಿ ತೆರಿಗೆ ಏರಿಸಕೂಡದು ಅಂತ ಒಬ್ಬ ಸದಸ್ಯರು, ಸಾಲ ಉಳಿಸಕೂಡದು ಅಂತ ಇನ್ನೊಬ್ಬರು ಪಟ್ಟು ಹಿಡಿದಿದ್ದರು. ಸಾಹೇಬರು ಮೆತ್ತಗೆ, "ತೆರಿಗೆ ಅನ್ನೋದೇ ಬೇಡ, ಪೈಪ್ ಕಾಣಿಕೆ ಅನ್ನೋಣ. ಬೀದಿಯವರು ಒಪ್ಪಿದ್ರೆ ಮಾತ್ರ" ಅಂದರು. ಇಬ್ಬರೂ ಕೈಕುಲುಕಿದರು.

"ಅಲ್ಲಾ, ಕಾಣಿಕೆ ಕೊಡದಿದ್ರೆ?" ಅಂದರು ಒಬ್ಬ ಸದಸ್ಯರು.

"ಜಪ್ತಿ ಮಾಡ್ತೀವಿ ಸಾರ್" ಅಂದರು ಸಾಹೇಬರು.

ಅಬ್ಬಾ, ಆ ತಲೆಗೆ ದೊಡ್ಡ ನಮಸ್ಕಾರ!

ಭಾಷಣ

ಬೀದಿಯವರ ಸಭೆ ಸೇರಿತು. ವೇದಿಕೆ ಹತ್ತಿದವರೆಲ್ಲ ಅಚ್ಚ ತಮಿಳು ಆಡುತ್ತಿದ್ದ ಕಾಲ. ಸಾಹೇಬರೂ ಶುರುಮಾಡಿದರು. ಸಾಲಕ್ಕೆ ತಮಿಳಿನ 'ಕಡನ್' ನೆನಪಾಗದೆ ಮನೆಮಾತೇ ಬಾಯಿಗೆ ಬಂತು: "ನಮ್ಮ ಸಾಲ ಮುಡಿಯ ವೇಂಡುಂ!"

ಸಾಲ ಮುಗಿಯಬೇಕು ಅಂತ ಅವರ ಅರ್ಥ. ತಮಿಳರಿಗೋ ಅದು ಸಾಲೈ ಅಂತ ಕೇಳಿಸಿತು; ಅಚ್ಚ ತಮಿಳಿನಲ್ಲಿ ಸಾಲೈ ಅಂದರೆ ರಸ್ತೆ. ನಮ್ಮ ರಸ್ತೆ ಪೂರ್ತಿಯಾಗಬೇಕು! ಏನು ಚಪ್ಪಾಳೆ, ಏನು ಕೇಕೆ! "ಒಪ್ಪಿಗೆ, ಒಪ್ಪಿಗೆ!"

ನಾನು ಅವರ ಕೋಟು ಜಗ್ಗಿ ವಿಷಯ ಹೇಳಿ, "ದಮ್ಮಯ್ಯ, ಸುಮ್ನಿದ್ದುಬಿಡಿ ಸಾರ್" ಅಂತ ಗೋಗರೆದೆ. ಕೇಳುವ ಆಸಾಮಿಯೇ? ಮತ್ತೆ ಎದ್ದು, "ಕ್ಷಮಿಸಿ, ನಾನು ಹೇಳಿದ್ದು ರಸ್ತೆ ಅಲ್ಲ, ಕಡನ್" ಅಂದುಬಿಟ್ಟರು. ಚಪ್ಪಾಳೆ ತಟ್ಟಿದ ಕೈಗಳೆಲ್ಲ ಕೆಳಗಿಳಿದವು. ಮನೆಗೆ ಹೋಗಿ ಹೆಂಡತಿಗೆ ಏನು ಹೇಳಲಿ ಅಂತ ನಾನು ಆಗಲೇ ನೆಪ ಹುಡುಕತೊಡಗಿದೆ. ಆದರೂ ಆ ಮನುಷ್ಯನ ಮೇಲೆ ಆಗ ಹುಟ್ಟಿದ ಗೌರವ ಇವತ್ತಿಗೂ ಇದೆ.

ಜವಳಿ ಅಂಗಡಿ ಮುದಲಾಳಿ ಎದ್ದರು.

"ಸಾರ್, ಪೈಪ್ ಹಾಕೋಕೆ ರೋಡು ಅಗೀತೀರಾ?"

"ಅಗೀಲೇಬೇಕು" ಅಂದರು ಸಾಹೇಬರು.

"ಅಗೆದ್ಮೇಲೆ ಹೊಸ ರೋಡು?"

"ಹಾಕಲೇಬೇಕು."

ಮುದಲಾಳಿ ಸಭೆಯ ಕಡೆ ತಿರುಗಿ, "ಕೇಳಿಸ್ತಾ? ಸಾರ್ ತಮಿಳು ಸರಿಯಾಗೇ ಇದೆ. ಬರ್ಕೊಳ್ಳಿ, ಒಪ್ಪಿಗೆ!" ಅಂದರು.