ಬುದ್ಧಿ ಬಲಿಯುವ ವಯಸ್ಸಿನವರು

ಮಕ್ಕಳ ನಡುವೆ ಕೆಲಸ ಮಾಡುವವರಿಗೆ ದಿನಕ್ಕೊಂದು ನಗೆ ಪುಕ್ಕಟೆ ಎಂದು ಜನ ಹೇಳುತ್ತಾರೆ. ಸುಳ್ಳಲ್ಲ. ನನಗೂ ಸಿಕ್ಕಿದೆ, ಮಕ್ಕಳಿರುವಷ್ಟು ಕಾಲ ಯಾರಿಗಾದರೂ ಸಿಗುತ್ತಲೇ ಇರುತ್ತದೆ. ನಕ್ಕು ಮುಗಿದ ಮೇಲೆ ಬಾಯೊಳಗೆ ಬೇವಿನ ಕಡ್ಡಿ ಜಗಿದ ರುಚಿ ಉಳಿಯುತ್ತದೆ, ಅಷ್ಟೇ.

ಎಂಬತ್ತರ ದಶಕದಲ್ಲಿ ನಾನು ಕೋಯಮತ್ತೂರು ಹತ್ತಿರದ ಸೂಲೂರಿನ ಆಚೆ ಒಂದು ನೇಕಾರರ ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ಎರಡು ಕೋಣೆ, ಒಂದು ಜಗಲಿ, ಹೆಡ್‌ಮಾಸ್ಟರೂ ಸೇರಿ ನಾವು ಮೂರು ಜನ. ಪಾಠವೆಲ್ಲ ತಮಿಳಿನಲ್ಲಿ. ಮುಕ್ಕಾಲು ಪಾಲು ಮಕ್ಕಳು ಮನೆಯಲ್ಲಿ ಆಡುತ್ತಿದ್ದದ್ದು ಕನ್ನಡ, ನನ್ನ ಹಾಗೆಯೇ. ನಮ್ಮ ಅಪ್ಪನ ಮನೆಯೂ ಮಗ್ಗದ ಮನೆ. ನಮ್ಮ ಬೀದಿಯಲ್ಲಿ ಕನ್ನಡ ಆಡುವವರು ನೂರಾರು ಜನ, ಓದುವವರು ಇಬ್ಬರೇ: ಕೊಳ್ಳೇಗಾಲದಿಂದ ಮದುವೆಯಾಗಿ ಬಂದ ನಮ್ಮ ಅವ್ವ, ಅವಳಿಂದ ಅಕ್ಷರ ಕಲಿತ ನಾನು. ಆದ್ದರಿಂದಲೇ ಇದನ್ನೆಲ್ಲ ಧೈರ್ಯವಾಗಿ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ದೊಡ್ಡವರು ಯಾರಿಗೂ ಇದನ್ನು ಓದಲು ಬಾರದು.

ಒಂದು ವರ್ಷ ನಮ್ಮನ್ನು ಕೋಯಮತ್ತೂರಿಗೆ ಮೂರು ದಿನದ ತರಬೇತಿಗೆ ಕರೆದರು. ಏಳು ವರ್ಷ ತುಂಬಿದ ಮೇಲೆ ಹನ್ನೊಂದರವರೆಗೆ ಮಗುವಿನ ಬುದ್ಧಿ ಹೇಗೆ ಬಲಿಯುತ್ತದೆ, ಕಣ್ಣಿಗೆ ಕಂಡದ್ದನ್ನೇ ನಂಬದೆ ಯೋಚಿಸಿ ನೋಡುವುದನ್ನು ಹೇಗೆ ಕಲಿಯುತ್ತದೆ, ಮಾತಿನ ಒಳಗಿನ ಮಾತು ಅದಕ್ಕೆ ಯಾವಾಗ ತಿಳಿಯುತ್ತದೆ, ಇದೆಲ್ಲ ಹೇಳಿಕೊಟ್ಟರು. ನಮ್ಮ ಹೆಡ್‌ಮಾಸ್ಟರು ಮೊದಲ ದಿನದ ಊಟವಾದ ಮೇಲೆ ಮಲಗಿದವರು ಮೂರನೆಯ ದಿನ ಸಹಿ ಹಾಕಲು ಎದ್ದರು. ನಾನು ಮಾತ್ರ ಒಂದು ನೋಟ್‌ಬುಕ್ ತುಂಬ ಬರೆದುಕೊಂಡೆ. ಜಾಣರು ಹೆಡ್‌ಮಾಸ್ಟರೇ.

೧. ಎರಡು ಸೌಟು

ತರಬೇತಿಯಲ್ಲಿ ಒಂದು ಪರೀಕ್ಷೆ ಕಲಿಸಿದ್ದರು. ಅಗಲವಾದ ಬಟ್ಟಲಿನ ನೀರನ್ನು ಮಗುವಿನ ಎದುರಿಗೇ ಸಪೂರವಾದ ಉದ್ದ ಲೋಟಕ್ಕೆ ಸುರಿಯಬೇಕು. ಚಿಕ್ಕ ಮಕ್ಕಳು ಲೋಟದಲ್ಲಿ ನೀರು ಜಾಸ್ತಿಯಾಯಿತು ಎನ್ನುತ್ತವೆ. ಬುದ್ಧಿ ಬಲಿತ ಮಗು ಎರಡೂ ಒಂದೇ ಎನ್ನುತ್ತದೆ.

ಒಂದನೆಯ ತರಗತಿಯವರೆಲ್ಲ ಜಾಸ್ತಿಯಾಯಿತು ಎಂದು ಕೂಗಿದರು. ನಾಲ್ಕನೆಯ ತರಗತಿಯ ಒಬ್ಬ ಹುಡುಗ, ಒಂಬತ್ತು ವರ್ಷದವನು, ಎದ್ದು ನಿಂತು, ನೋಡಿದರೆ ಗೊತ್ತಾಗುವುದಿಲ್ಲ ಟೀಚರ್, ವಾಪಸ್ಸು ಸುರಿದು ನೋಡಬೇಕು ಎಂದ. ಎಲ್ಲರ ಕೈಯಲ್ಲೂ ಅವನಿಗೆ ಚಪ್ಪಾಳೆ ಹೊಡೆಸಿದೆ.

ಆಗ ಶಾಲೆಯಲ್ಲಿ ಮಧ್ಯಾಹ್ನದ ಊಟ ಕೊಡುತ್ತಿದ್ದರು. ಆ ತಿಂಗಳು ಅಡುಗೆಯ ಆಯಮ್ಮನ ಕೈಗೆ ಹೊಸ ಸೌಟು ಬಂದಿತ್ತು. ಹಿಡಿ ಉದ್ದ, ಬಾಯಿ ಅಗಲ, ಫಳಫಳ ಹೊಳೆಯುತ್ತಿತ್ತು. ಮಕ್ಕಳಿಗೆಲ್ಲ ದೊಡ್ಡ ಸೌಟು ಬಂತೆಂದು ಸಂತೋಷ. ಚಪ್ಪಾಳೆ ಹೊಡೆಸಿಕೊಂಡ ಹುಡುಗ ಅಂದು ಊಟಕ್ಕೆ ಮೊದಲು ಮೂಲೆಯಲ್ಲಿದ್ದ ಹಳೆಯ ಸೌಟನ್ನು ಎತ್ತಿಕೊಂಡು ಕೊಡದ ನೀರಿಗೆ ಅದ್ದಿ, ಎರಡರಲ್ಲೂ ಅಳೆದು ಸುರಿದು ನೋಡಿದ. ಆಮೇಲೆ ಸಾಲಿನಲ್ಲಿ ಕೂತ ಅಷ್ಟೂ ಮಕ್ಕಳಿಗೆ ಕೇಳುವ ಹಾಗೆ ನನಗೆ ಹೇಳಿದ:

"ಟೀಚರ್, ಹಳೇದ್ರಲ್ಲಿ ನಾಲ್ಕು ಸೌಟು ಹೊಸದ್ರಲ್ಲಿ ಐದಾಯ್ತದೆ. ಐದು ಜನ ಉಂಡ್ರೆ ಒಬ್ಬನ ಊಟ ಅಲ್ಲೇ ಮಿಗ್ತದೆ."

ಊಟದ ಉಸ್ತುವಾರಿಯವರು ಆಯಮ್ಮನ ಮುಖ ನೋಡಿದರು, ಆಯಮ್ಮ ಹೆಡ್‌ಮಾಸ್ಟರ ಮುಖ ನೋಡಿದಳು. ಹೆಡ್‌ಮಾಸ್ಟರು ಹುಡುಗನನ್ನು ಕುಡಿಯುವ ನೀರಿಗೆ ಕೈ ಅದ್ದಿದ ತಪ್ಪಿಗೆ ಬಿಸಿಲಿನಲ್ಲಿ ನಿಲ್ಲಿಸಿದರು. ಅವನು ನಿಂತ. ಚಪ್ಪಾಳೆ ಹೊಡೆಸಿದ ನಾನು ನೆರಳಿನಲ್ಲಿದ್ದೆ.

ಮಕ್ಕಳು ಎರಡು ದಿನ ಗುಸುಗುಸು ಎಂದರು. ಹೆಡ್‌ಮಾಸ್ಟರು ವಿಚಾರಣೆ ಮಾಡುತ್ತೇನೆ ಎಂದರು. ಮಾಡಿಯೂ ಮಾಡಿದರು. ಮರುವಾರದಿಂದ ಹಳೆಯ ಸೌಟು ಕಾಣಲಿಲ್ಲ. ಹೋಲಿಸಿ ನೋಡುವುದಕ್ಕೆ ಎರಡು ಬೇಕಲ್ಲ.

೨. ಒಂದು ಮಗು, ಮೂರು ಹೆಣ್ಣು

ತರಬೇತಿಯಲ್ಲಿ ಇನ್ನೊಂದು ಪ್ರಶ್ನೆ ಹೇಳಿಕೊಟ್ಟಿದ್ದರು. ಐದು ಮಾವು, ಎರಡು ಬಾಳೆಹಣ್ಣು ಇಟ್ಟು, ಮಾವು ಜಾಸ್ತಿಯೋ ಹಣ್ಣು ಜಾಸ್ತಿಯೋ ಎಂದು ಕೇಳಬೇಕು. ಚಿಕ್ಕವರು ಮಾವು ಎನ್ನುತ್ತಾರೆ. ಬಲಿತವರಿಗೆ ಮಾವೂ ಹಣ್ಣೇ ಎಂದು ಗೊತ್ತಿರುತ್ತದೆ.

ಮೂರನೆಯ ತರಗತಿಯ ಒಬ್ಬ ಹುಡುಗಿಯನ್ನು ಕೇಳಿದೆ. ಹಣ್ಣು ಜಾಸ್ತಿ ಎಂದಳು, ಸರಿ. ಅಂಗಳದ ಆಡು, ಕೋಳಿ ತೋರಿಸಿ ಹಾಗೆಯೇ ಕೇಳಿದೆ, ಅದೂ ಸರಿ. ಖುಷಿಯಾಗಿ, ನಿಮ್ಮ ಮನೆಯಲ್ಲಿ ಮಕ್ಕಳು ಜಾಸ್ತಿಯೋ ಹೆಣ್ಣುಮಕ್ಕಳು ಜಾಸ್ತಿಯೋ ಎಂದೆ. ಮನೆಯಲ್ಲಿ ಇವಳು, ಇಬ್ಬರು ತಂಗಿಯರು, ತೊಟ್ಟಿಲಲ್ಲಿ ಒಬ್ಬ ತಮ್ಮ. ಅವಳು ಯೋಚಿಸದೆ, ಹೆಣ್ಣು ಜಾಸ್ತಿ ಎಂದಳು. ಬೆರಳು ಮಡಿಸಿ ತೋರಿಸಿದೆ. ಹಣ್ಣಿನ ಲೆಕ್ಕ ನೆನಪಿಸಿದೆ. ಊಹೂಂ, ಅವಳದು ಅದೇ ಉತ್ತರ. ಆಡು, ಕೋಳಿಗೆ ಓಡುವ ಬುದ್ಧಿ ಮನುಷ್ಯರ ಹತ್ತಿರ ಯಾಕೆ ನಿಂತುಹೋಯಿತೋ ಎಂದು ನನಗೆ ಸೋಜಿಗ.

ಆ ವಾರವೇ ಶಾಲೆಗೆ ಸೇರಿಸಬೇಕಾದ ಮಕ್ಕಳ ಪಟ್ಟಿ ಮಾಡಲು ಮನೆಮನೆಗೆ ಹೋಗಬೇಕಾಯಿತು. ಅವಳ ಮನೆಯ ಜಗಲಿಯಲ್ಲಿ ಅಜ್ಜಿ ರಾಟೆ ತಿರುಗಿಸುತ್ತ ಮಗ್ಗಕ್ಕೆ ನೂಲು ಸುತ್ತುತ್ತಿದ್ದಳು. ಮನೆಯಲ್ಲಿ ಮಕ್ಕಳೆಷ್ಟಜ್ಜಿ ಎಂದು ಕೇಳಿದೆ.

"ಒಂದೇ ಕಣವ್ವ," ಎಂದು ಅಜ್ಜಿ ತೊಟ್ಟಿಲ ಕಡೆ ಕೈ ತೋರಿಸಿದಳು. "ಮಿಕ್ಕಿದ್ದು ಮೂರೂ ಹೆಣ್ಣು."

ಹುಡುಗಿ ಕಂಬದ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಮುಖದಲ್ಲಿ ದುಃಖವೇನೂ ಇರಲಿಲ್ಲ, ತನ್ನ ಲೆಕ್ಕ ತಾಳೆಯಾಯಿತಲ್ಲ ಎಂಬ ಗೆಲುವಿತ್ತು. ಮರುದಿನ ಪೂರ್ತಿ ಮಾರ್ಕು ಕೊಟ್ಟೆ. ಒಂದಕ್ಕಿಂತ ಮೂರು ಜಾಸ್ತಿಯೇ ತಾನೇ.

೩. ಏಳು

ನಮ್ಮ ಬೀದಿಯ ಕನ್ನಡದಲ್ಲಿ ಬಾಯಿ ಬೀಸಾಗಿ ಓಡಿದರೆ ಹಕಾರ ಬಿದ್ದುಹೋಗುತ್ತದೆ. ಹಾಲು ಆಲಾಗುತ್ತದೆ, ಹೇಳು ಏಳಾಗುತ್ತದೆ. ಏಳು ಎಂದರೆ ಮೇಲೆ ಏಳುವುದೂ ಹೌದು. ಏಳು ಎಂಬ ಸಂಖ್ಯೆಯೂ ಹೌದು, ಅದು ತಮಿಳಿನಲ್ಲೂ ಹೆಚ್ಚುಕಡಿಮೆ ಹಾಗೆಯೇ ಕೇಳುತ್ತದೆ. ಮಕ್ಕಳಿಗೆ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಎಂಟನೆಯ ವಯಸ್ಸಿಗೆಲ್ಲ ಯಾವ ಏಳು ಎಲ್ಲಿಯದು ಎಂದು ಗೊತ್ತಾಗಿ, ಅದನ್ನೇ ಹಿಡಿದು ತಮಾಷೆ ಮಾಡುತ್ತಿದ್ದರು. ಗೊಂದಲವಾದದ್ದು ಇನ್ಸ್‌ಪೆಕ್ಟರಿಗೆ.

ಅವರು ಬಂದ ದಿನ ಲೆಕ್ಕದಲ್ಲಿ ಚುರುಕಾದ, ಆದರೆ ಹೊಸಬರೆಂದರೆ ಹೆದರುವ ಒಂದು ಹುಡುಗಿಯನ್ನು ತೋರಿಸಿ, ಹದಿನಾರು ತೆಂಗಿನಕಾಯಿಯಲ್ಲಿ ಒಂಬತ್ತು ಹೋದರೆ ಉಳಿದದ್ದೆಷ್ಟು ಎಂದು ತಮಿಳಿನಲ್ಲಿ ಕೇಳಿದರು. ಅವಳು ಕೂತಲ್ಲೇ ಮರಗಟ್ಟಿಹೋದಳು. ಹೆದರಿಕೆ ಬಿಡಲಿ ಎಂದು ನಾನು ಮನೆಯ ಮಾತಿನಲ್ಲಿ, "ಏಳು ಕಣವ್ವ" ಎಂದೆ. ಎದ್ದು ನಿಂತಳು. ಬಾಯಿ ಬಿಡಲಿಲ್ಲ. "ಏಳು, ಏಳು" ಎಂದು ಹುರಿದುಂಬಿಸಿದೆ. ಅವಳು ಬೆರಳು ಎಣಿಸಿ ಮುಗಿಸಿ, ಏಳು ಎಂದಳು.

ಇನ್ಸ್‌ಪೆಕ್ಟರು ನನ್ನನ್ನು ನೋಡಿ ನಕ್ಕರು. ಆ ನಗು ಒಳ್ಳೆಯದಾಗಿರಲಿಲ್ಲ. ನಾನು ವಿವರಿಸಹೋದೆ, ಅವರು ಕೈ ಎತ್ತಿ ತಡೆದು, ಇನ್ನೊಂದು ಪ್ರಶ್ನೆ ಕೇಳುತ್ತೇನೆ, ಈ ಸಲ ಟೀಚರು ಬಾಯಿ ತೆರೆಯಬಾರದು ಎಂದರು. ಕೇಳಿದ್ದು, ವಾರಕ್ಕೆ ಎಷ್ಟು ದಿನ ಎಂದು. ಹುಡುಗಿ ನನ್ನ ಮುಖ ನೋಡಿದಳು. ನಾನು ತುಟಿ ಬಿಗಿದು ನಿಂತಿದ್ದೆ. ಶಾಲೆಯ ಮಾನ ಹೋಗುತ್ತಿದೆ ಎಂದು ಗಾಬರಿಯಾದದ್ದು ಹೆಡ್‌ಮಾಸ್ಟರಿಗೆ. ಪಾಪ, ಅವರು ತಮಿಳರು, ದಿನವೂ ನನ್ನ ಬಾಯಿಂದ ಕೇಳಿ ಕಲಿತಿದ್ದ ಕನ್ನಡದ ಮಾತು ಒಂದೇ ಒಂದು. ಹುಡುಗಿಯ ಬೆನ್ನು ತಟ್ಟಿ, "ಏಳು, ಏಳು" ಎಂದುಬಿಟ್ಟರು.

ಮೆಮೊ ಬಂದದ್ದು ನನಗೊಬ್ಬಳಿಗೇ. ಮಕ್ಕಳಿಗೆ ಉತ್ತರ ಹೇಳಿಕೊಟ್ಟದ್ದಲ್ಲದೆ ಹಿರಿಯರನ್ನೂ ಆ ದಾರಿಗೆ ಎಳೆದೆ ಎಂದು. ನಾನು ಅದನ್ನು ಮಡಿಸಿಟ್ಟು ಮರೆತೆ. ಮರೆಯದವಳು ಆ ಹುಡುಗಿ. ಯಾರೋ ಹೇಳಿಕೊಟ್ಟರು ಎನ್ನಿಸಿಕೊಳ್ಳಬಾರದೆಂದು, ಆ ವರ್ಷವೆಲ್ಲ ಉತ್ತರ ಏಳು ಬರುವ ಲೆಕ್ಕಕ್ಕೆ ಅವಳು ಎಂಟು ಎನ್ನುತ್ತಿದ್ದಳು.

೪. ಎರಡು ಭಾಷೆಯ ಮಧ್ಯೆ

ಕಡೆಯದು ಮೈಸೂರು ಕಡೆಯಿಂದ ಬಂದ ಹುಡುಗಿಯದು. ಅವಳಪ್ಪ ಹತ್ತಿರದ ನೂಲಿನ ಮಿಲ್ಲಿನಲ್ಲಿ ಫಿಟ್ಟರು. ತಾಯಿಗೆ ಆಡುವ ಕನ್ನಡ ಬಿಟ್ಟು ಬೇರೇನೂ ಬಾರದು, ಓದುಬರಹವೂ ಇಲ್ಲ. ಹತ್ತು ವರ್ಷದ ಈ ಹುಡುಗಿ ಬೀದಿಯಲ್ಲಿ ಆಡಿ ಆಡಿ ಒಂದೇ ವರ್ಷದಲ್ಲಿ ತಮಿಳು ನೀರು ಕುಡಿದ ಹಾಗೆ ಮಾತಾಡುತ್ತಿದ್ದಳು. ಅಂಗಡಿ, ಆಸ್ಪತ್ರೆ, ರೇಷನ್ನು, ಎಲ್ಲ ಕಡೆಯೂ ತಾಯಿಗೆ ಇವಳೇ ಬಾಯಿ. ಬರೆಯುವುದು ಮಾತ್ರ ತಡವರಿಸುತ್ತಿತ್ತು. ಹೆಡ್‌ಮಾಸ್ಟರಿಗೆ ಕಂಡದ್ದು ಅದೊಂದೇ. ವರ್ಷದ ಪರೀಕ್ಷೆಯಲ್ಲಿ ಇವಳು ಫೇಲಾದರೆ ಶಾಲೆಗೆ ಕೆಟ್ಟ ಹೆಸರು ಎಂದು ಮೊದಲೇ ಕಳಿಸಿಬಿಡಲು ಯೋಚಿಸಿ ತಾಯಿಯನ್ನು ಕರೆಸಿದರು.

ನಾನು ಹೇಳುತ್ತೇನೆ ಸಾರ್, ನನಗೆ ಕನ್ನಡ ಬರುತ್ತದಲ್ಲ ಎಂದೆ. ನಿಮ್ಮ ಕನ್ನಡ ನೋಡಿದ್ದೇನೆ, ನೀವು ಸುಮ್ಮನಿರಿ, ಹುಡುಗಿಯೇ ಹೇಳಲಿ ಎಂದರು. ನಾನು ಕಿಟಕಿಯ ಹತ್ತಿರ ನಿಂತೆ.

ಹೆಡ್‌ಮಾಸ್ಟರು ತಮಿಳಿನಲ್ಲಿ ನಿಧಾನವಾಗಿ ಹೇಳಿದರು: ಈ ಹುಡುಗಿಯ ತಲೆಗೆ ಏನೂ ಹತ್ತುವುದಿಲ್ಲ. ಓದಿಸುವುದು ದಂಡ. ತಿಂಗಳ ಕೊನೆಗೆ ಟಿ.ಸಿ. ತೆಗೆದುಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಹೇಳು ನಿಮ್ಮಮ್ಮನಿಗೆ.

ಹುಡುಗಿ ತಾಯಿಯ ಕಡೆ ತಿರುಗಿದಳು.

"ಅಮ್ಮ, ಬೇರೆ ಊರಿನಿಂದ ಬಂದ್ರೂ ನಾನು ಬೇಗ ಕಲೀತಿದೀನಂತೆ. ಮಧ್ಯದಲ್ಲಿ ಬಿಡಿಸಬಾರದಂತೆ. ಮನೇಲಿ ನನಗೆ ಜಾಸ್ತಿ ಕೆಲಸ ಹೇಳಬಾರದು ಅಂತಲೂ ಹೇಳ್ತಿದಾರೆ."

ತಾಯಿ ಹೆಡ್‌ಮಾಸ್ಟರನ್ನು ಮೇಲಿಂದ ಕೆಳಗೆ ನೋಡಿದಳು. ಇಷ್ಟು ಸಿಡುಕು ಮುಖದ ಮನುಷ್ಯನ ಬಾಯಲ್ಲಿ ಇಷ್ಟು ಒಳ್ಳೆಯ ಮಾತೇ ಎಂದಳು. ನಿಮ್ಮಪ್ಪ ಈ ವರ್ಷವೇ ಬಿಡಿಸಿ ನಿನ್ನ ತಮ್ಮನನ್ನು ನೋಡಿಕೊಳ್ಳಲು ಹಾಕೋಣ ಅಂತಿದ್ದರು, ಹೆಡ್‌ಮಾಸ್ಟರೇ ಹೀಗೆ ಹೇಳಿದ ಮೇಲೆ ಬಿಡಿಸುವುದಿಲ್ಲ, ಅವರಿಗೆ ಹಾಗಂತ ಹೇಳು ಎಂದಳು.

ಹುಡುಗಿ ಇತ್ತ ತಿರುಗಿದಳು. ತಮಿಳಿನಲ್ಲಿ, ಅಮ್ಮ ನೀವು ಹೇಳಿದ್ದೆಲ್ಲ ನಿಜ ಅಂತಾರೆ ಸಾರ್, ಆದರೆ ಟಿ.ಸಿ.ಗೆ ಅಪ್ಪನೇ ಸಹಿ ಹಾಕಬೇಕು, ಅವರು ಊರಿಗೆ ಹೋಗಿದ್ದಾರೆ, ಬರುವುದು ತಿಂಗಳುಗಟ್ಟಲೆ ಆಗಬಹುದು, ಅಲ್ಲಿಯವರೆಗೆ ಮೂಲೆಯಲ್ಲಾದರೂ ಕೂತಿರಲಿ, ನೀವು ದೊಡ್ಡ ಮನಸ್ಸಿನವರು ಎಂದು ಕೈ ಮುಗಿಯುತ್ತಿದ್ದಾರೆ ಎಂದಳು. ಅಷ್ಟು ಹೊತ್ತಿಗೆ ತಾಯಿ ನಿಜವಾಗಿಯೂ ಕೈ ಮುಗಿದು ನಿಂತಿದ್ದಳು. ಅವಳ ಗಂಡ ಅದೇ ಹೊತ್ತಿನಲ್ಲಿ ಅರ್ಧ ಮೈಲಿ ದೂರದ ಮಿಲ್ಲಿನಲ್ಲಿ ಸ್ಪಾನರ್ ತಿರುಗಿಸುತ್ತಿದ್ದ.

ಹೆಡ್‌ಮಾಸ್ಟರ ಮನಸ್ಸು ಕರಗಿತು. ಆದರೂ ಗುಮಾನಿ ಬಂದು, ಎಲ್ಲ ಸರಿಯಾಗಿ ಹೇಳಿದಳಾ ಟೀಚರ್ ಎಂದು ನನ್ನನ್ನು ಕೇಳಿದರು. ಹುಡುಗಿ ಆಗ ಮೊದಲ ಸಲ ನನ್ನ ಕಡೆ ನೋಡಿದಳು. ಅವಳ ಕೈ ಲಂಗದ ಅಂಚನ್ನು ಹಿಂಡುತ್ತಿತ್ತು.

"ನಾನು ಹೇಳಿದ್ದರೂ ಇದಕ್ಕಿಂತ ಚೆನ್ನಾಗಿ ಆಗುತ್ತಿರಲಿಲ್ಲ ಸಾರ್," ಎಂದೆ.

ಹಾಗೆ ಅವಳು ಆ ವರ್ಷ ಉಳಿದಳು, ಮರುವರ್ಷವೂ. ಐದನೆಯ ತರಗತಿ ಮುಗಿದ ಮೇಲೆ ಇನ್ನೊಬ್ಬ ತಮ್ಮ ಹುಟ್ಟಿದ. ಆಗ ಯಾರ ಮಾತನ್ನು ಯಾವ ಭಾಷೆಗೆ ತಿರುಗಿಸಿದರೂ ನಡೆಯಲಿಲ್ಲ.

ಆದರೆ ನಾನು ಹೇಳಹೊರಟದ್ದು ತಾಯಿ ಶಾಲೆಗೆ ಬಂದುಹೋದ ಮರುದಿನದ ಕಥೆ. ತಾಯಿ ಮಗಳ ಕೈಯಲ್ಲಿ ಒಂದು ಡಬ್ಬಿ ಒಬ್ಬಟ್ಟು ಕಳಿಸಿದ್ದಳು, ತುಪ್ಪ ಸೋರುತ್ತಿತ್ತು. ಹೆಡ್‌ಮಾಸ್ಟರು ಎರಡು ತಿಂದು, ಮಗಳನ್ನು ದಡ್ಡಿ ಎಂದು ಮುಖಕ್ಕೆ ಹೇಳಿದರೂ ಒಬ್ಬಟ್ಟು ಕಳಿಸುತ್ತಾರಲ್ಲ, ಎಂಥ ಮರ್ಯಾದಸ್ಥ ಜನ ಎಂದು ಮೆಚ್ಚಿದರು. ಮೂರನೆಯದನ್ನು ಕೈಗೆತ್ತಿಕೊಂಡಾಗ, ಪರೀಕ್ಷೆ ಬಂದಾಗ ತಮ್ಮ ಮೇಲೆ ತಪ್ಪು ಬರಬಾರದೆಂದು ಆ ಹುಡುಗಿಯ ಬಗ್ಗೆ ರಿಜಿಸ್ಟರಿನಲ್ಲಿ ಈಗಲೇ ಒಂದು ಟಿಪ್ಪಣಿ ಇರಲಿ ಎಂದು ನೆನಪಾಯಿತು. ಕೈಯೆಲ್ಲ ತುಪ್ಪ. ನೀವೇ ಬರೆಯಿರಿ ಟೀಚರ್ ಎಂದು ಒಂದೊಂದೇ ಮಾತು ಹೇಳಿ ಬರೆಸಿದರು. ನಾನು ನನ್ನ ಗುಂಡು ಅಕ್ಷರದಲ್ಲಿ, ಒಂದು ಮಾತೂ ಬದಲಾಯಿಸದೆ ಬರೆದೆ: ವಯಸ್ಸಿಗೆ ತಕ್ಕ ಬುದ್ಧಿ ಬೆಳೆದಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ತಿಳಿಸುವಷ್ಟು ಭಾಷೆಯೂ ಬಾರದು.