ಹತ್ತಾಳು ಬಾವಿಗೆ ಬಿದ್ದ ದೀಪ

ವಿಜ್ಞಾನಕ್ಕೆ ನನ್ನಿಂದ ಒಂದು ಮಹದುಪಕಾರ ಆಗಲಿಕ್ಕಿದೆ ಎಂಬುದರಲ್ಲಿ ನನಗೆ ಆಗ ಎಳ್ಳಷ್ಟೂ ಸಂಶಯವಿರಲಿಲ್ಲ. ಎಂಬತ್ತರ ದಶಕದ ನಡುಭಾಗ. ಪೀಳಮೇಡಿನ ಒಂದು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ನಾನು ಸಹಾಯಕ. ಅಂದರೆ ಬೆಳಿಗ್ಗೆ ವಿದ್ಯಾರ್ಥಿಗಳಿಗೆ ಮಸೂರ ಕೊಡುವುದು, ಸಂಜೆ ಒರೆಸಿ ಬೀರುವಿನಲ್ಲಿಡುವುದು. ಆದರೆ ನನ್ನ ಹೊಸ ಹೆಂಡತಿ ಸರೋಜ ಸೋಮನೂರಿನ ತವರು ಬೀದಿಯಲ್ಲೆಲ್ಲ, ನಮ್ಮವರು ವಿಜ್ಞಾನಿ, ದೀಪದ ಮೇಲೆ ಸಂಶೋಧನೆ ಮಾಡುತ್ತಾರೆ ಎಂದು ಸಾರಿಬಿಟ್ಟಿದ್ದಳು. ಹತ್ತು ಮಗ್ಗದ ಯಜಮಾನನ ಮಗನನ್ನು ಬೇಡವೆಂದು ನನ್ನನ್ನು ಒಪ್ಪಿದವಳು. ಪಾಪ, ಏನಾದರೂ ಹೇಳಲೇಬೇಕಿತ್ತು!

ಮದುವೆಯಾದ ಮೊದಲ ಆಡಿ ತಿಂಗಳು, ಅಂದರೆ ಆಷಾಢ. ಅಳಿಯನನ್ನು ಕರೆದು ಉಣಬಡಿಸುವುದು ನಮ್ಮ ಕಡೆಯ ಸಂಪ್ರದಾಯ. ಒಬ್ಬಟ್ಟು ಮುಗಿಸಿ ಮಾವನವರ ವಿದ್ಯುತ್ ಮಗ್ಗದ ಶೆಡ್ಡಿಗೆ ಹೋದೆ. ಆಡಿ ಗಾಳಿಗೆ ನೂಲು ಕಿತ್ತುಹೋಗುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಮಟಮಟ ಮಧ್ಯಾಹ್ನದಲ್ಲೂ ಎಂಟು ಬಲ್ಬು ಉರಿಯುತ್ತಿದ್ದವು. ಇಷ್ಟು ಕರೆಂಟ್ ತಿನ್ನದ ದೀಪ ಒಂದನ್ನು ನಮ್ಮ ವಿಜ್ಞಾನಿ ಮಾಪ್ಳೆ ಮಾಡಿಕೊಡಬಾರದೇ ಎಂದು ಮಾವ ಅಳಿಯನಾದ ನನ್ನನ್ನು ಕೇಳಿದರು. ಪಕ್ಕದಲ್ಲೇ ನಿಂತಿದ್ದ ಸರೋಜ ನನ್ನ ಮುಖವನ್ನೇ ನೋಡಿದಳು. ಅವಳ ಮಾನ ಈಗ ನನ್ನ ಕೈಯಲ್ಲಿತ್ತು.

ಅದೃಷ್ಟಕ್ಕೆ ಆ ವಾರವಷ್ಟೇ ಒಂದು ಪತ್ರಿಕೆಯಲ್ಲಿ ಓದಿದ್ದೆ. ದೀಪದೊಳಗಿನ ಬಿಸಿ ಅನಿಲ ಮೇಲಕ್ಕೇರುವುದರಿಂದ ಬೆಳಕಿನ ಎಳೆ ಬಿಲ್ಲಿನಂತೆ ಬಾಗುತ್ತದಂತೆ, ಶಕ್ತಿ ಸುಮ್ಮನೆ ಪೋಲಾಗುತ್ತದಂತೆ. ತೂಕವೇ ಇಲ್ಲದ ಕಡೆ, ಅಂದರೆ ಬಾಹ್ಯಾಕಾಶದಲ್ಲಿ, ದೀಪ ಹೊತ್ತಿಸಿ ನೋಡಿದರೆ ಮಿತವ್ಯಯದ ದೀಪದ ಗುಟ್ಟು ತಿಳಿಯುತ್ತದಂತೆ. ಇದನ್ನು ಗಂಭೀರವಾಗಿ ವಿವರಿಸಿದೆ. ಮಾವ ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಂಡರು.

"ಆಡಿ ಗಾಳಿಗೆ ಖಾರ ಅರೆಯೋ ಅಮ್ಮಿಕಲ್ಲೇ ಹಾರ್ತದೆ ಅಂತಾರೆ ಮಾಪ್ಳೆ. ತೂಕ ಇಲ್ದಂಗೆ ಮಾಡೋಕೆ ಆಕಾಶಕ್ಕೆ ಹೋಗ್ಬೇಕಾ?"

ಬೇಡ ಮಾಮ, ಬೀಳುವ ವಸ್ತುವಿಗೂ ಬೀಳುವಷ್ಟು ಹೊತ್ತು ತೂಕವಿರುವುದಿಲ್ಲ, ನಿಮ್ಮ ಬತ್ತಿದ ಬಾವಿಯೇ ಸಾಕು ಎಂದೆ. ಆಳ ಎಷ್ಟೆಂದು ಕೇಳಿದ್ದಕ್ಕೆ "ಹತ್ತಾಳು" ಎಂದರು. ನಾನು ಲ್ಯಾಬಿನ ಮನುಷ್ಯ. ಒಂದು ಆಳಿಗೆ ಸರಾಸರಿ ಐದೂವರೆ ಅಡಿ, ಹತ್ತಾಳಿಗೆ ಐವತ್ತೈದು ಎಂದು ಲೆಕ್ಕ ಹಾಕಿದೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ನೋಡಿ ಎಂದರು ಅತ್ತೆ. ಅಳೆಯುವುದು ಲೆಕ್ಕ ಬಾರದವರ ಕೆಲಸ ಎಂದು ನಕ್ಕೆ.

ಮುಂದಿನ ಭಾನುವಾರ ಲ್ಯಾಬಿನ ಮೂಲೆಗೆ ಬಿದ್ದಿದ್ದ ಹಳೆಯ ಮರ್ಕ್ಯುರಿ ದೀಪವನ್ನು ಕೇಳಿ ತಂದೆ. ಅದನ್ನು ಅತ್ತೆಯ ಕೋಳಿಬುಟ್ಟಿಯೊಳಗೆ ಬಿಗಿದು ಕಟ್ಟಿದೆ. ಬಾವಿಯ ತಳಕ್ಕೆ ಎರಡು ಮೂಟೆ ಹಾಳು ನೂಲು ಸುರಿದೆ, ಅದರ ಮೇಲೆ ಮದುವೆಯಲ್ಲಿ ಅತ್ತೆ ಕೊಟ್ಟಿದ್ದ ಬೂರುಗದ ಹಾಸಿಗೆಯನ್ನು ಎಸೆದೆ. ಶೆಡ್ಡಿನ ಸ್ವಿಚ್ ಬೋರ್ಡಿನಿಂದ, ಬಾವಿಯೊಳಗೆ ಲೆಕ್ಕದ ಐವತ್ತೈದು ಅಡಿ ಇಳಿಯುವಷ್ಟು ವೈರು ಎಳೆದೆ. ವೈರು ಜಗ್ಗಿ ಪ್ಲಗ್ಗು ಕಳಚಿದರೆ ದೀಪ ಆರಿಬಿಡುತ್ತದಲ್ಲ? ಅದಕ್ಕೇ ವೈರನ್ನು ಬೋರ್ಡಿಗೇ ನೈಲಾನ್ ಹಗ್ಗದಲ್ಲಿ ಮೂರು ಸುತ್ತು ಕಟ್ಟಿದೆ. ಮುನ್ನೆಚ್ಚರಿಕೆ ಎಂದರೆ ಇದು!

ಅರ್ಧ ಬೀದಿ ಬಾವಿಯ ಸುತ್ತ ನೆರೆದಿತ್ತು. ದೀಪ ಬಿಸಿಯಾಗಿ ಬೆಳ್ಳಗೆ ಉರಿಯಿತು. ತಳ ಮುಟ್ಟಲು ಎರಡು ಸೆಕೆಂಡು ಬೇಕು, ವಿಜ್ಞಾನಕ್ಕೆ ಅಷ್ಟು ಸಾಕು ಎಂದು ಸಣ್ಣ ಭಾಷಣ ಬಿಗಿದು ಬುಟ್ಟಿಯನ್ನು ಕೈಬಿಟ್ಟೆ.

ಢಣ್ ಎಂದು ಸದ್ದಾಯಿತು. ಸದ್ದು ಬಂದದ್ದು ಬಾವಿಯಿಂದಲ್ಲ, ಶೆಡ್ಡಿನಿಂದ.

ವೈರು ಮುಗಿದಿತ್ತು, ಬಾವಿ ಮುಗಿದಿರಲಿಲ್ಲ. ಬೋರ್ಡು ಗೋಡೆಯ ಗಾರೆಯ ಸಮೇತ ಕಿತ್ತು ಬಂದು ತನ್ನ ತಂತಿಗಳಿಗೇ ಜೋತುಬಿದ್ದಿತ್ತು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಕೋಳಿಬುಟ್ಟಿ ಹಾಸಿಗೆಯ ಮೇಲೆ ಹದಿನೈದು ಅಡಿ ಎತ್ತರದಲ್ಲಿ, ದೀಪ ಆರಿ, ಹಾಯಾಗಿ ತೂಗಾಡುತ್ತಿತ್ತು. ಮಾವ ನನ್ನೆದುರು ನಿಂತು ಎರಡೂ ಕೈಯನ್ನು ಮೇಲಕ್ಕೆತ್ತಿದರು. ದೇವರಿಗೆ ಮೊರೆಯಿಡುತ್ತಿದ್ದಾರೆ ಎಂದುಕೊಂಡೆ.

"ನಮ್ಮಲ್ಲಿ ಆಳು ಅಂದ್ರೆ ಇಷ್ಟು ಮಾಪ್ಳೆ, ಎತ್ತಿದ ಕೈಯ ತುದಿವರೆಗೂ. ಬಾವಿ ತೋಡುವಾಗ ಮಣ್ಣಿನ ಬುಟ್ಟಿ ಮೇಲಕ್ಕೆ ಎತ್ತಿ ಕೊಡ್ತಾನಲ್ಲ, ಆ ಆಳು."

ಜನ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಸರೋಜ ಸೆರಗು ಎಳೆದುಕೊಂಡು ಒಳಗೆ ಹೋದಳು. ನನಗೆ ಆ ಹಾಸಿಗೆಯ ಮೇಲೆಯೇ ಹಾರಿಬಿಡೋಣ ಎನ್ನಿಸಿತು.

ಶೆಡ್ಡಿನಲ್ಲಿ ಗವ್ವೆನ್ನುವ ಕತ್ತಲು. ಬೋರ್ಡು ಕೂರಿಸಲು ಬೆಳಕು ಬೇಕೆಂದು ಮಾವ ಗಳುವಿನಿಂದ ಸೂರಿನ ನಾಲ್ಕು ಹಂಚು ಸರಿಸಿದರು. ಬಿಸಿಲು ನೇರವಾಗಿ ಮಗ್ಗದ ಹಾಸುನೂಲಿನ ಮೇಲೆ ಬಿತ್ತು. ನೇಯುವ ಪಳನಿ ಬಗ್ಗಿ, ಕಿತ್ತುಹೋಗಿದ್ದ ಎಳೆಯೊಂದನ್ನು ಒಂದೇ ನೋಟಕ್ಕೆ ಹಿಡಿದು ಗಂಟು ಹಾಕಿದ.

"ಮೊದಲಾಳಿ, ಎಂಟು ಬಲ್ಬಲ್ಲೂ ಇಷ್ಟು ಕಾಣ್ತಿರ್ಲಿಲ್ಲ," ಎಂದ ತನ್ನ ಯಜಮಾನರತ್ತ ತಿರುಗಿ.

ಮಾವ ಸೂರನ್ನು ನೋಡಿದರು, ಪಳನಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಮರುವಾರವೇ ಪ್ರತಿ ಮಗ್ಗದ ಮೇಲೂ ಗಾಜಿನ ಹಂಚು ಬಂತು. ಹಗಲು ಬಲ್ಬು ಹಾಕುವುದೇ ನಿಂತಿತು.

ಬಾವಿಗೆ ದೀಪ ಬಿಟ್ಟ ಆ ಭಾನುವಾರ ಸಂಜೆ ಬಸ್ಸಿಗೆ ಕಾಯುವಾಗ ಸರೋಜ ಮೊದಲ ಬಾರಿಗೆ ಬಾಯಿ ಬಿಟ್ಟಳು. "ಆದದ್ದು ಆಯ್ತು, ಬಿಡಿ. ಬೀಳುವಾಗ ದೀಪ ಹೆಂಗಿತ್ತು? ಎಳೆ ನೆಟ್ಟಗಾಯ್ತಾ?"

ಕಟ್ಟಿಕೊಂಡವಳಿಗೆ ಸುಳ್ಳು ಹೇಳುವುದು ಹೇಗೆ? ಕೈ ಬಿಡುವಾಗ ಹೆದರಿಕೆಗೆ ಕಣ್ಣು ಮುಚ್ಚಿಕೊಂಡುಬಿಟ್ಟಿದ್ದೆ ಎಂದೆ. ಅವಳು ಬಸ್ಸು ಬರುವವರೆಗೂ ನಕ್ಕಳು. ಆಮೇಲೆ, ಯಾರಿಗೂ ಹೇಳುವುದಿಲ್ಲ ಎಂದು ನನ್ನ ಕೈ ಮೇಲೆ ಕೈಯಿಟ್ಟು ಆಣೆ ಮಾಡಿದಳು.

ಮಾವ ಮಾತ್ರ ಬಂದವರಿಗೆಲ್ಲ ಗಾಜಿನ ಹಂಚು ತೋರಿಸಿ, ಇದು ನಮ್ಮ ಮಾಪ್ಳೆಯ ಸಂಶೋಧನೆ, ಬಾವಿಗೆ ದೀಪ ಬಿಟ್ಟು ಕಂಡುಹಿಡಿದದ್ದು ಎನ್ನುತ್ತಿದ್ದರು. ಹಾಸಿಗೆ ಬಾವಿಯಲ್ಲೇ ಉಳಿಯಿತು, ಸರೋಜಳ ಮಾನವೂ ಉಳಿಯಿತು. ಈಗಲೂ ಯಾರಾದರೂ ಮನೆಗೆ ಬಂದು, ಬೀಳುವ ದೀಪದಲ್ಲಿ ತಾವು ಏನು ಕಂಡಿರಿ ಸಾರ್ ಎಂದು ಭಕ್ತಿಯಿಂದ ಕೇಳುವುದುಂಟು. ನಾನು ಕನ್ನಡಕ ತೆಗೆದು ಒರೆಸುತ್ತ, ಆ ವಿವರಗಳನ್ನು ಇನ್ನೂ ಪ್ರಕಟಿಸಿಲ್ಲ ಎನ್ನುತ್ತೇನೆ. ಕಾಫಿ ಮಾಡುತ್ತಿರುವ ಸರೋಜಳಿಗೆ ಸರಿಯಾಗಿ ಅದೇ ಹೊತ್ತಿಗೆ ಕೆಮ್ಮು ಬರುತ್ತದೆ.